ಕಿರ್ದಿಯಿಂದ ಖಾತೆಗೆ

ನಮ್ಮ ಕಡೆ ಅಂಗಡಿ ಸಾಹುಕಾರರ ಬಾಯಲ್ಲಿ ಇಂದಿಗೂ ಕೇಳಿಬರುವ ‘ಖಾತೆ-ಕಿರ್ದಿ’ ಎಂಬ ಜೋಡುಮಾತಿನ ತವರು ನಾವೀಗ ವಾಸವಾಗಿರುವ ಈ ಪುಣೆಯ ದಫ್ತರಗಳಲ್ಲಿಯೂ ಇದೆ ಎಂಬುದನ್ನು ನಮ್ಮಲ್ಲಿ ಎಷ್ಟು ಜನ ಗಮನಿಸಿದ್ದೇವೆಯೋ ಕಾಣೆ. ದಿನದ ವ್ಯವಹಾರವನ್ನು ನಡೆದ ಕ್ರಮದಲ್ಲಿಯೇ ಬರೆದಿಡುವುದು ಕಿರ್ದಿ. ಆಮೇಲೆ ಅದನ್ನೇ ಆಯಾ ಹೆಸರಿನ ಕೆಳಗೆ ಎತ್ತಿ ಬರೆಯುವುದು ಖಾತೆ. ಈ ಎತ್ತಿ ಬರೆಯುವ ಕೆಲಸವೇ ಗುಮಾಸ್ತನ ಕೆಲಸ. ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಇಪ್ಪತ್ತು ವರ್ಷಗಳಿಂದ ನಾನು ಮಾಡುತ್ತ ಬಂದಿರುವುದೂ ಅಷ್ಟೇ. ಬಿ.ಎಸ್ಸಿ.ಯಲ್ಲಿ ಕಲಿತ ಭೌತಶಾಸ್ತ್ರ ಎಲ್ಲಿ ಹೋಯಿತೋ ದೇವರೇ ಬಲ್ಲ!

ಈಗ ಈ ಎತ್ತಿ ಬರೆಯುವ ಕೆಲಸಕ್ಕೂ ಯಂತ್ರ ಬಂದಿದೆ. ಜನರ ಅಭಿಪ್ರಾಯ, ದೂರುಗಳನ್ನು ಪಡೆಯುವ ಒಂದು ಆ್ಯಪ್. ಟಿಪ್ಪಣಿ ಬರೆದಿಡುವ ಇನ್ನೊಂದು ಆ್ಯಪ್. ಇವೆರಡರ ನಡುವೆ ಪ್ರೋಗ್ರಾಂ ಬರೆಯದೆಯೇ, ಕೇವಲ ಪರದೆಯ ಮೇಲೆ ಆರಿಸಿ ಒತ್ತುವುದರಿಂದ, ಕೊಂಡಿ ಹಾಕಬಹುದು. ‘ಅಲ್ಲಿ ಹೀಗಾದರೆ ಇಲ್ಲಿ ಹೀಗೆ ಮಾಡು’ ಎಂದು ಒಮ್ಮೆ ಕಟ್ಟಳೆ ಮಾಡಿಟ್ಟರೆ ಸಾಕು. ಇದು ತೀರ ಹೊಸದು ಎಂದು ನನ್ನ ಮಗನ ವಾದ. ಅಷ್ಟು ಹೊಸದಲ್ಲ ಎಂಬುದನ್ನು ಹೇಳಲೆಂದೇ ಈ ಲೇಖನ.

ಬಂಡ್ ಗಾರ್ಡನ್ ರಸ್ತೆಯಲ್ಲಿರುವ ಪುಣೆಯ ಪುರಾಲೇಖಾಗಾರವನ್ನು ನೋಡದವರು ಒಮ್ಮೆ ನೋಡಬೇಕು. ಪೇಶವೆ ದಫ್ತರವಿರುವುದು ಅಲ್ಲಿ. ಮೋಡಿ ಲಿಪಿಯ ಕಾಗದಗಳನ್ನು ಬಟ್ಟೆಯಲ್ಲಿ ಸುತ್ತಿ ಗಂಟು ಕಟ್ಟಿಟ್ಟಿದ್ದಾರೆ. ಆ ಗಂಟಿಗೆ ರುಮಾಲು ಎಂದು ಹೆಸರು. ಅಂಥ ರುಮಾಲುಗಳು ಸಾವಿರಗಟ್ಟಲೆ ಇವೆ. ಇತಿಹಾಸಕಾರ ಗೋವಿಂದ ಸಖಾರಾಮ ಸರದೇಸಾಯಿಯವರು 1930ರಿಂದ ನಾಲ್ಕಾರು ವರ್ಷ ದುಡಿದು ಇದರಿಂದ ಆಯ್ದು ಪ್ರಕಟಿಸಿದ ಸಂಪುಟಗಳೇ 45. ಪೇಶವೆಯರ ಕಾಲದಲ್ಲಿ ರೋಜಕಿರ್ದಿ, ಅಂದರೆ ದಿನಚರಿ, ಒಂದು ಕಡೆ ಬರೆಯಲ್ಪಡುತ್ತಿತ್ತು. ‘ಏಕ ಬೇರೀಜ ದಫ್ತರ’ ಎಂಬ ಇನ್ನೊಂದು ವಿಭಾಗ ಪುಣೆಯಲ್ಲಿಯೇ ಕುಳಿತು ಎಲ್ಲ ಇಲಾಖೆಗಳ ಲೆಕ್ಕಗಳನ್ನು ತರಿಸಿಕೊಂಡು, ಬಾಬುವಾರು ವಿಂಗಡಿಸಿ, ವರ್ಷದ ಗೋಷ್ವಾರೆ ತಯಾರಿಸುತ್ತಿತ್ತು. ಒಂದರಲ್ಲಿ ಬರೆದದ್ದು ಮತ್ತೊಂದಕ್ಕೆ ತಪ್ಪದೆ ಹೋಗಬೇಕು ಎಂಬುದೇ ಅಲ್ಲಿನ ಕಟ್ಟಳೆ. ನಾನಾ ಫಡ್ನವೀಸರು ಇರುವತನಕ ಇದು ಅಚ್ಚುಕಟ್ಟಾಗಿ ನಡೆಯಿತು. 1800ರಲ್ಲಿ ಅವರು ತೀರಿಕೊಂಡ ಮೇಲೆ, ಎರಡನೆಯ ಬಾಜೀರಾಯನ ಕಾಲದಲ್ಲಿ, ದಫ್ತರವನ್ನು ಕೇಳುವವರಿಲ್ಲದಂತಾಯಿತು. 1818ರಲ್ಲಿ ರಾಜ್ಯವೇ ಹೋಯಿತು. ದಫ್ತರ ಕೆಟ್ಟದ್ದರಿಂದ ರಾಜ್ಯ ಹೋಯಿತೆಂದು ನಾನು ಹೇಳುತ್ತಿಲ್ಲ. ಆದರೆ ಗುಮಾಸ್ತನಿಗೆ ಹಾಗೆ ನಂಬಲು ಆಸೆಯಾಗುತ್ತದೆ.

ನಮ್ಮ ನಾಡಿನಲ್ಲಿ ಇದೇ ಕೆಲಸಕ್ಕೆ ಕಡತವಿತ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಿಲ ಪುಡಿ ಬಳಿದು ಕಪ್ಪಾಗಿಸಿ, ಬಳಪದಿಂದ ಬರೆದು, ಮಡಿಕೆ ಮಡಿಕೆಯಾಗಿ ಮಡಿಚಿಡುವ ಪುಸ್ತಕವದು. ಬೇಡವಾದರೆ ಅಳಿಸಿ ಮತ್ತೆ ಬರೆಯಬಹುದು. ಇಂದು ಬೆಂಗಳೂರಿನ ವಿಧಾನಸೌಧದಲ್ಲಿ ‘ಕಡತ ವಿಲೇವಾರಿ’ ಎನ್ನುವವರಲ್ಲಿ ಎಷ್ಟು ಮಂದಿಗೆ ಆ ಕಪ್ಪು ಬಟ್ಟೆಯ ನೆನಪಿದೆಯೋ!

ಇದೆಲ್ಲ ಟಿಪ್ಪಣಿಯ ಕಥೆಯಾಯಿತು. ಜನರ ಮಾತನ್ನು ಕೇಳಿ ಅದನ್ನು ಟಿಪ್ಪಣಿಗೆ ಜೋಡಿಸುವ ಕಥೆಗೆ ಮೈಸೂರಿಗೆ ಹೋಗಬೇಕು. 1881ರ ಅಕ್ಟೋಬರ್ 7ರಂದು ದಿವಾನ್ ರಂಗಾಚಾರ್ಲು ಅವರು 144 ಸದಸ್ಯರನ್ನು ಕರೆಸಿ ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರವಿರಲಿಲ್ಲ. ಸರಕಾರ ತನ್ನ ವರದಿ ಒಪ್ಪಿಸುವುದು, ರೈತರು ವರ್ತಕರು ತಂತಮ್ಮ ಊರಿನ ಕಷ್ಟ ಹೇಳಿಕೊಳ್ಳುವುದು, ಅದನ್ನು ಬರೆದುಕೊಳ್ಳುವುದು — ಇಷ್ಟೇ. ಹಲ್ಲಿಲ್ಲದ ಸಭೆ ಎಂದು ಹಳಿಯಬಹುದು. ಆದರೆ ಹೇಳಿದ್ದು ದಾಖಲೆಯಾದ ಮೇಲೆ ಕೇಳಿಲ್ಲವೆಂದು ಅಧಿಕಾರಿ ಹೇಳುವಂತಿಲ್ಲವಲ್ಲ! ಅದೇನು ಸಣ್ಣ ಲಾಭವೇ?

ನಮ್ಮ ಕಚೇರಿಯ ಫೈಲಿನಲ್ಲಿಯೂ ಎರಡು ಭಾಗ. ಒಂದು ಕಡೆ ಬಂದ ಪತ್ರಗಳು; ಇನ್ನೊಂದು ಕಡೆ ಹಸಿರು ಹಾಳೆಯ ಮೇಲೆ ಟಿಪ್ಪಣಿ. ಟಿಪ್ಪಣಿಯ ಅಂಚಿನಲ್ಲಿ ಪತ್ರದ ಪುಟಸಂಖ್ಯೆ ಹಾಕಲೇಬೇಕು. ಹೊಸದಾಗಿ ಸೇರಿದಾಗ ಆ ಸಂಖ್ಯೆ ಬಿಟ್ಟು ನಾನು ಬೈಸಿಕೊಂಡದ್ದುಂಟು. ಆ ಪುಟ್ಟ ಅಂಕಿಯೇ ಜನರ ಮಾತಿಗೂ ಸರಕಾರದ ವಿಚಾರಕ್ಕೂ ಇರುವ ಕೊಂಡಿ ಎಂಬುದು ಆಗ ಹೊಳೆದಿರಲಿಲ್ಲ. 2007ರಲ್ಲಿ ಬಂದ ಕೇಂದ್ರ ಸರಕಾರದ ಗಣಕೀಕೃತ ದೂರು ವ್ಯವಸ್ಥೆಯಲ್ಲಿ ಪ್ರತಿ ದೂರಿಗೂ ಒಂದು ನೋಂದಣಿ ಸಂಖ್ಯೆ ಸಿಗುವುದೂ ಇದೇ ನ್ಯಾಯದಿಂದ.

ಯಂತ್ರದ ಕಡೆಯ ಇತಿಹಾಸ ಚಿಕ್ಕದು. 1890ರ ಅಮೆರಿಕದ ಜನಗಣತಿಗೆ ಹಾಲೆರಿತ್ ಎಂಬವನು ತೂತುಕಾರ್ಡಿನ ಯಂತ್ರ ಕೊಟ್ಟ. ಮುಂದೆ ಅಂಥ ಯಂತ್ರಗಳಿಗೆ ತಂತಿ ಚುಚ್ಚುವ ಹಲಗೆಗಳು ಬಂದವು. ಯಾವ ತೂತಿಗೆ ಯಾವ ತಂತಿ ಎಂಬುದನ್ನು ಬದಲಿಸಿದರೆ ಯಂತ್ರದ ಕೆಲಸವೇ ಬದಲಾಗುತ್ತಿತ್ತು. ನಮ್ಮ ಪುಣೆಯಲ್ಲಿಯೇ 1981ರಲ್ಲಿ ಸ್ಥಾಪನೆಯಾದ ಟಾಟಾ ಸಂಶೋಧನಾ ಕೇಂದ್ರದಲ್ಲಿ, ನಕ್ಷೆಯಂಥ ಮಾದರಿ ಕೊಟ್ಟರೆ ಪ್ರೋಗ್ರಾಮನ್ನು ತಾನೇ ಬರೆಯುವ ಸಾಧನಗಳು ಸಿದ್ಧವಾದವು. 2007ರಲ್ಲಿ ಯಾಹೂ ಪೈಪ್ಸ್ ಬಂದು 2015ರಲ್ಲಿ ಮುಚ್ಚಿತು. 2011ರಲ್ಲಿ ಅಮೆರಿಕದ ಮಿಸ್ಸೂರಿಯ ಮೂವರು ತರುಣರು ಝೇಪಿಯರ್ ಆರಂಭಿಸಿದರು. ಆ್ಯಪ್ ತಾನಾಗಿ ಸುದ್ದಿ ಕಳಿಸುತ್ತದೆ, ಇಲ್ಲವೆ ಈ ಮಧ್ಯಸ್ಥನೇ ಕೆಲವು ನಿಮಿಷಕ್ಕೊಮ್ಮೆ ಹೋಗಿ ‘ಹೊಸದೇನಾದರೂ ಬಂತೇ?’ ಎಂದು ಕೇಳಿಕೊಂಡು ಬರುತ್ತದೆ. ಜವಾನನೂ ಅದು, ಗುಮಾಸ್ತನೂ ಅದು.

ನಮ್ಮ ಸಂಘದ ಅಭಿಪ್ರಾಯಪೆಟ್ಟಿಗೆಗೂ ನನ್ನ ಮಗ ಇಂಥದೊಂದು ಕೊಂಡಿ ಹಾಕಿಕೊಟ್ಟ. ಸದಸ್ಯರು ಮೊಬೈಲಿನ ಫಾರಂ ತುಂಬಿದರೆ ಅದು ಕಾರ್ಯದರ್ಶಿಗಳ ಟಿಪ್ಪಣಿ ಪುಸ್ತಕಕ್ಕೆ ತಾನಾಗಿ ಹೋಗುವ ಏರ್ಪಾಡು. ಶುಭಾಶಯಗಳೇ ಹೆಚ್ಚು ಬರುತ್ತವೆ, ನಡುವೆ ಕೆಲಸದ ಮಾತು ಕಳೆದುಹೋಗುತ್ತದೆ ಎಂದು ನಾನೇ ಒಂದು ಜರಡಿ ಹಾಕಿಸಿದೆ. ‘ದೂರು’, ‘ಸಲಹೆ’, ‘ವಿನಂತಿ’ ಎಂಬ ಮಾತಿದ್ದರೆ ಮಾತ್ರ ಕಾರ್ಯದರ್ಶಿಗಳಿಗೆ. ಉಳಿದದ್ದು ‘ಇತರೆ’ ಎಂಬ ಹಾಳೆಗೆ. ಆ ಹಾಳೆಯನ್ನು ನಾನು ತಿಂಗಳಿಗೊಮ್ಮೆ ನೋಡುವುದೆಂದು ಒಪ್ಪಂದ. ನೋಡಲಿಲ್ಲ.

ರಾಜ್ಯೋತ್ಸವದ ದಿನ ಹಿರಿಯ ಸದಸ್ಯೆಯೊಬ್ಬರು ಎದುರಾಗಿ, ‘ನನ್ನ ಪತ್ರ ಮುಟ್ಟಿತ್ತೇನ್ರಿ?’ ಎಂದು ಕೇಳಿದರು. ಮನೆಗೆ ಬಂದು ಹುಡುಕಿದೆ. ‘ಇತರೆ’ ಹಾಳೆಯಲ್ಲಿ, ನಾಲ್ಕು ತಿಂಗಳ ಹಿಂದಿನ ತಾರೀಖಿನಲ್ಲಿ, ತಲೆಯ ಮೇಲೆ ಗೀಟು ಹೊತ್ತ ರೋಮನ್ ಅಕ್ಷರಗಳ ಒಂದು ಕಂತೆ ಇತ್ತು. ಅವರು ತಮ್ಮ ಹಳೆಯ ಗಣಕದಲ್ಲಿ ಹಳೆಯ ಅಕ್ಷರವಿನ್ಯಾಸದಲ್ಲಿ ಟೈಪು ಮಾಡಿದ್ದರು. ಪುಣೆಯಲ್ಲೇ ಹುಟ್ಟಿ ಬೆಳೆದ, ಕನ್ನಡ ಓದಲು ಬಾರದ ಮೊಮ್ಮಗ ಅದನ್ನು ನಕಲು ಮಾಡಿ ಫಾರಮಿನಲ್ಲಿ ಅಂಟಿಸಿದ್ದ. ಅಲ್ಲಿಗೆ ಹೋದ ಮೇಲೆ ಸರಿಯಾಗುತ್ತದೆಂದು ಅವನ ಭಾವನೆ. ಅದರಲ್ಲಿ ‘ವಿನಂತಿ’ ಎಂಬ ಮಾತು ಇತ್ತು. ಜರಡಿಗೆ ಅದು ಕಾಣಲಿಲ್ಲ.

ಈ ತೊಡಕಿನ ಬೇರೂ ಇತಿಹಾಸದಲ್ಲಿದೆ. 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆ, ಕಾನ್ಪುರದ ಐಐಟಿಯಲ್ಲಿ ಆರಂಭವಾದ ಭಾರತೀಯ ಲಿಪಿಗಳ ‘ಜಿಸ್ಟ್’ ಕಾರ್ಯವನ್ನು ಮುಂದುವರಿಸಿತು. ಭಾರತೀಯ ಲಿಪಿಗಳಿಗೆಲ್ಲ ಸಾಮಾನ್ಯವಾದ ಸಂಕೇತಪಟ್ಟಿಯೊಂದು 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದರ ಹಿಂದಿನ, 1988ರ ರೂಪವನ್ನು ಆಧಾರವಾಗಿಟ್ಟುಕೊಂಡು ಅದೇ 1991ರಲ್ಲಿ ಯೂನಿಕೋಡಿನಲ್ಲಿ ಕನ್ನಡಕ್ಕೆ ಸ್ಥಾನ ಸಿಕ್ಕಿತು. ಆದರೂ ಅನೇಕ ವರ್ಷ ನಾವು ಬಳಸಿದ ಅಕ್ಷರಗಳು ರೋಮನ್ ಅಕ್ಷರದ ಮನೆಗಳಲ್ಲಿ ಕನ್ನಡದ ಚಿತ್ರವನ್ನು ಕೂರಿಸಿದಂಥವು. ಆ ಫಾಂಟು ಇದ್ದಲ್ಲಿ ಕನ್ನಡ. ಗಡಿ ದಾಟಿದರೆ ಅರ್ಥವಿಲ್ಲದ ಗೀಚು. ಆ್ಯಪಿನಿಂದ ಆ್ಯಪಿಗೆ ಮಾತು ಸಾಗಬೇಕಾದರೆ ಮೊದಲು ಅದು ಯೂನಿಕೋಡಿನಲ್ಲಿರಬೇಕು.

ಪರಿವರ್ತಕದಲ್ಲಿ ಹಾಕಿ ಓದಿದೆ. ಸಂಘದ ಸಭಾಗೃಹ ಎರಡನೆಯ ಮಹಡಿಯಲ್ಲಿದೆ, ಯಜಮಾನರಿಗೆ ಮೆಟ್ಟಿಲು ಹತ್ತಲಾಗುತ್ತಿಲ್ಲ, ಶ್ರಾವಣದ ಕಾರ್ಯಕ್ರಮಗಳಲ್ಲಿ ಒಂದನ್ನಾದರೂ ಕೆಳಗಿನ ಅಂಗಳದಲ್ಲಿ ಇಟ್ಟುಕೊಂಡರೆ ಅವರೂ ನಾಲ್ಕು ಜನ ಕನ್ನಡಿಗರ ಮುಖ ನೋಡಿಯಾರು ಎಂದು ಬರೆದಿದ್ದರು. ಯಜಮಾನರು ಭಾದ್ರಪದದಲ್ಲಿ ತೀರಿಕೊಂಡಿದ್ದರು.

ಮರುದಿನ ಅವರ ಮನೆಗೆ ಹೋಗಿ ನಡೆದದ್ದನ್ನು ಹೇಳಿದೆ. ಚಹಾ ಕೊಟ್ಟು, ‘ಇರಲಿ ಬಿಡ್ರಿ, ಮೆಟ್ಟಿಲು ಹತ್ತಲಾರದವರು ಇನ್ನೂ ಇದ್ದಾರಲ್ಲ’ ಎಂದರು. ಜರಡಿಯನ್ನು ಅಂದೇ ತೆಗೆಸಿದೆ. ಈಗ ಬಂದದ್ದೆಲ್ಲ, ಓದಲು ಬರಲಿ ಬಾರದಿರಲಿ, ಕ್ರಮಸಂಖ್ಯೆಯೊಡನೆ ಕಾರ್ಯದರ್ಶಿಗಳಿಗೂ ನನಗೂ ಬರುತ್ತದೆ. ಬರೆದವರಿಗೆ ಆ ಸಂಖ್ಯೆಯ ರಸೀತಿ ಹೋಗುತ್ತದೆ. ರವಿವಾರ ಬೆಳಿಗ್ಗೆ ನಾನು ಒಂದೊಂದನ್ನೂ ಎತ್ತಿ ಹಳೆಯ ಗೀಟಿನ ವಹಿಯಲ್ಲಿ ಕೈಯಿಂದ ಬರೆಯುತ್ತೇನೆ. ಮಗ ನಗುತ್ತಾನೆ. ಮುಂದಿನ ಸಂಕ್ರಾಂತಿಯ ಎಳ್ಳುಬೆಲ್ಲ ಕೆಳಗಿನ ಅಂಗಳದಲ್ಲಿ, ಸಂಜೆ ಐದಕ್ಕೆ.