ಗೇಮ್ ಡೆವ್ ಟೈಕೂನ್

ಗೇಮ್ ಡೆವ್ ಟೈಕೂನ್ ಗ್ರೀನ್‌ಹಾರ್ಟ್ ಗೇಮ್ಸ್ ಸಂಸ್ಥೆಯು ಅಭಿವೃದ್ಧಿಪಡಿಸಿ ಪ್ರಕಟಿಸಿದ ಒಂದು ವ್ಯವಹಾರ ಸಿಮ್ಯುಲೇಷನ್ ವಿಡಿಯೊ ಗೇಮ್. ಇದರಲ್ಲಿ ಆಟಗಾರನು ವಿಡಿಯೊ ಗೇಮ್‌ಗಳನ್ನು ತಯಾರಿಸುವ ಸಂಸ್ಥೆಯೊಂದನ್ನು ಸ್ಥಾಪಿಸಿ ನಡೆಸಬೇಕಾಗುತ್ತದೆ. ಆಟವು 2012ರ ಡಿಸೆಂಬರ್ 10ರಂದು ವಿಂಡೋಸ್ 8ರ ಆ್ಯಪ್ ಮಳಿಗೆಯಲ್ಲಿ ಮೊದಲು ಬಿಡುಗಡೆಯಾಯಿತು. ಮರುವರ್ಷ ಇದರ ತಯಾರಕರು ನಕಲು ಪ್ರತಿಗಳ ಹಾವಳಿಯನ್ನು ಕುರಿತು ನಡೆಸಿದ ಪ್ರಯೋಗದಿಂದಾಗಿ ಈ ಆಟವು ಜಗತ್ತಿನಾದ್ಯಂತ ಸುದ್ದಿಯಾಯಿತು.

ಹಿನ್ನೆಲೆ

ಗ್ರೀನ್‌ಹಾರ್ಟ್ ಗೇಮ್ಸ್ ಸಂಸ್ಥೆಯನ್ನು ಪ್ಯಾಟ್ರಿಕ್ ಕ್ಲುಗ್ ಮತ್ತು ಡೇನಿಯಲ್ ಕ್ಲುಗ್ ಎಂಬ ಸಹೋದರರು 2012ರ ಜುಲೈನಲ್ಲಿ ಸ್ಥಾಪಿಸಿದರು. ಗೇಮ್ ಡೆವ್ ಟೈಕೂನ್ ಈ ಸಂಸ್ಥೆಯ ಮೊದಲ ಆಟ. ಜಪಾನಿನ ಕೈರೋಸಾಫ್ಟ್ ಸಂಸ್ಥೆಯ 'ಗೇಮ್ ಡೆವ್ ಸ್ಟೋರಿ' ಇದಕ್ಕೆ ಪ್ರೇರಣೆಯಾಗಿತ್ತು. ಆ ಆಟವು 1997ರಲ್ಲಿ ಜಪಾನಿನಲ್ಲಿ ವಿಂಡೋಸ್ ಗಣಕಗಳಿಗೆ ಬಂದು, 2010ರಲ್ಲಿ ಮೊಬೈಲ್ ಆವೃತ್ತಿಯ ಮೂಲಕ ಇತರ ದೇಶಗಳಲ್ಲಿ ಜನಪ್ರಿಯವಾಗಿತ್ತು. ಎರಡು ಆಟಗಳ ನಡುವಿನ ಹೋಲಿಕೆ ಮುಂದೆ ಟೀಕೆಗೂ ಕಾರಣವಾಯಿತು.

ಆಟದ ಸ್ವರೂಪ

ಆಟವು 1980ರ ದಶಕದಲ್ಲಿ ಒಂದು ಚಿಕ್ಕ ಗ್ಯಾರೇಜಿನಲ್ಲಿ ಆರಂಭವಾಗುತ್ತದೆ. ಆಗ ಆಟಗಾರನ ಬಳಿ ಸಿಬ್ಬಂದಿ ಇರುವುದಿಲ್ಲ, ಬಂಡವಾಳ ಅಲ್ಪವಾಗಿರುತ್ತದೆ, ಆಯ್ಕೆಗೆ ಕೆಲವೇ ವಿಷಯಗಳು ದೊರೆಯುತ್ತವೆ. ಪ್ರತಿಯೊಂದು ಹೊಸ ಗೇಮ್‌ಗೂ ವಿಷಯ, ಪ್ರಕಾರ ಮತ್ತು ಅದು ನಡೆಯುವ ಯಂತ್ರ ಇವನ್ನು ನಿರ್ಧರಿಸಬೇಕು. ಸಾಹಸ, ಆ್ಯಕ್ಷನ್, ಪಾತ್ರಾಭಿನಯ, ಸಿಮ್ಯುಲೇಷನ್, ತಂತ್ರಗಾರಿಕೆ ಮತ್ತು ಕ್ಯಾಶುವಲ್ ಇವು ಲಭ್ಯವಿರುವ ಪ್ರಕಾರಗಳು. ವಿಷಯ ಮತ್ತು ಪ್ರಕಾರಗಳು ಪರಸ್ಪರ ಹೊಂದಬೇಕಾದುದು ಮುಖ್ಯ. ಮಧ್ಯಯುಗದ ವಿಷಯಕ್ಕೆ ಪಾತ್ರಾಭಿನಯವು ಚೆನ್ನಾಗಿ ಒಪ್ಪುತ್ತದೆ. ವಾಹನ ಪಂದ್ಯವು ಸಿಮ್ಯುಲೇಷನ್ ಪ್ರಕಾರಕ್ಕೆ ಹೊಂದುವಷ್ಟು ಸಾಹಸ ಪ್ರಕಾರಕ್ಕೆ ಹೊಂದುವುದಿಲ್ಲ.

ತಯಾರಿಕೆಯು ಮೂರು ಹಂತಗಳಲ್ಲಿ ನಡೆಯುತ್ತದೆ. ಮೊದಲ ಹಂತದಲ್ಲಿ ಎಂಜಿನ್, ಆಟದ ವಿಧಾನ ಮತ್ತು ಕಥೆ. ಎರಡನೆಯದರಲ್ಲಿ ಸಂಭಾಷಣೆ, ಮಟ್ಟಗಳ ವಿನ್ಯಾಸ ಮತ್ತು ಕೃತಕ ಬುದ್ಧಿಮತ್ತೆ. ಮೂರನೆಯದರಲ್ಲಿ ಆಟದ ಲೋಕದ ವಿನ್ಯಾಸ, ಗ್ರಾಫಿಕ್ಸ್ ಮತ್ತು ಧ್ವನಿ. ಇವುಗಳಲ್ಲಿ ಯಾವುದಕ್ಕೆ ಎಷ್ಟು ಸಮಯ ಕೊಡಬೇಕೆಂಬುದನ್ನು ಆಟಗಾರನೇ ಹಂಚುತ್ತಾನೆ. ಪಾತ್ರಾಭಿನಯದ ಗೇಮ್‌ಗೆ ಕಥೆ ಮತ್ತು ಸಂಭಾಷಣೆ ಮುಖ್ಯ. ಆ್ಯಕ್ಷನ್ ಗೇಮ್‌ಗೆ ಎಂಜಿನ್ ಮತ್ತು ಆಟದ ವಿಧಾನ ಮುಖ್ಯ. ಕೆಲಸ ಸಾಗಿದಂತೆ ವಿನ್ಯಾಸದ ಅಂಕಗಳು, ತಂತ್ರಜ್ಞಾನದ ಅಂಕಗಳು ಮತ್ತು ಸಂಶೋಧನೆಯ ಅಂಕಗಳು ಕೂಡುತ್ತವೆ. ಜೊತೆಯಲ್ಲಿ ಬಗ್‌ಗಳೂ ಹುಟ್ಟುತ್ತವೆ. ಬಿಡುಗಡೆಗೆ ಮೊದಲು ಅವನ್ನು ನಿವಾರಿಸದಿದ್ದರೆ ವಿಮರ್ಶೆಯಲ್ಲಿ ಹಿನ್ನಡೆಯಾಗುತ್ತದೆ.

ಗೇಮ್ ಸಿದ್ಧವಾದಾಗ ನಾಲ್ವರು ಕಾಲ್ಪನಿಕ ವಿಮರ್ಶಕರು ಹತ್ತಕ್ಕೆ ಇಂತಿಷ್ಟು ಎಂದು ಅಂಕ ಕೊಡುತ್ತಾರೆ. ಈ ಅಂಕವು ಬಹುಮಟ್ಟಿಗೆ ಆಟಗಾರನ ಹಿಂದಿನ ಅತ್ಯುತ್ತಮ ಗೇಮ್‌ನೊಡನೆ ಹೋಲಿಸಿ ನಿರ್ಧಾರವಾಗುತ್ತದೆ. ಆದ್ದರಿಂದ ನಿನ್ನೆ ಮೆಚ್ಚುಗೆ ಪಡೆದ ಸೂತ್ರವನ್ನೇ ನಾಳೆಯೂ ಬಳಸಿದರೆ ಅಂಕಗಳು ಇಳಿಯುತ್ತವೆ. ಹಣದ ಮೊತ್ತ ಹತ್ತು ಲಕ್ಷವನ್ನು ದಾಟಿದ ಮೇಲೆ ಗ್ಯಾರೇಜನ್ನು ಬಿಟ್ಟು ಕಚೇರಿಗೆ ಹೋಗಿ ಸಿಬ್ಬಂದಿಯನ್ನು ನೇಮಿಸಿಕೊಳ್ಳಬಹುದು. ಮುಂದೆ ಸ್ವಂತ ಎಂಜಿನ್, ಸಂಶೋಧನಾ ವಿಭಾಗ ಹಾಗೂ ಸ್ವಂತ ಕನ್ಸೋಲ್ ತಯಾರಿಕೆಗೂ ಅವಕಾಶವಿದೆ. ಖರ್ಚು ಆದಾಯವನ್ನು ಮೀರಿ ಸಾಲ ಬೆಳೆದರೆ ಸಂಸ್ಥೆ ದಿವಾಳಿಯಾಗುತ್ತದೆ.

ನೈಜ ಇತಿಹಾಸದ ಛಾಯೆ

ಆಟದ ಕಾಲಾವಧಿಯು ಸುಮಾರು ಮೂರು ದಶಕಗಳನ್ನು ಒಳಗೊಂಡು ವಿಡಿಯೊ ಗೇಮ್ ಉದ್ಯಮದ ನೈಜ ಇತಿಹಾಸವನ್ನು ಹಿಂಬಾಲಿಸುತ್ತದೆ. ಸಂಸ್ಥೆಗಳ ಮತ್ತು ಯಂತ್ರಗಳ ಹೆಸರುಗಳನ್ನು ಮಾತ್ರ ವಿನೋದವಾಗಿ ಬದಲಿಸಲಾಗಿದೆ. ಕೊಮೊಡೋರ್ ಇಲ್ಲಿ ಗವೊಡೋರ್ ಆಗಿದೆ. ನಿಂಟೆಂಡೊ ನಿನ್ವೆಂಟೊ, ಸೆಗಾ ವೆನಾ, ಸೋನಿ ವೋನಿ, ಮೈಕ್ರೋಸಾಫ್ಟ್ ಮೈಕ್ರೋನಾಫ್ಟ್ ಎಂದಾಗಿವೆ. ಯಂತ್ರಗಳು ಮಾರುಕಟ್ಟೆಗೆ ಬರುವ ಮತ್ತು ಮರೆಯಾಗುವ ಕ್ರಮ ನಿಜ ಜೀವನವನ್ನು ಹೋಲುವುದರಿಂದ, ಉದ್ಯಮದ ಚರಿತ್ರೆಯನ್ನು ಬಲ್ಲವರು ಮುಂದಿನ ಬದಲಾವಣೆಯನ್ನು ಊಹಿಸಿ ಲಾಭ ಪಡೆಯಬಹುದು.

ನಕಲು ಪ್ರತಿಯ ಪ್ರಯೋಗ

2013ರ ಏಪ್ರಿಲ್ ಕೊನೆಯಲ್ಲಿ ಸಂಸ್ಥೆಯು ಆಟವನ್ನು ತನ್ನ ಜಾಲತಾಣದಲ್ಲಿ 7.99 ಡಾಲರ್ ಬೆಲೆಗೆ, ನಕಲು ತಡೆಯುವ ಯಾವ ಬೀಗವೂ ಇಲ್ಲದೆ, ಮಾರಾಟಕ್ಕಿಟ್ಟಿತು. ಅದರ ಜೊತೆಗೇ ತಯಾರಕರು ತಾವೇ ಒಂದು ನಕಲು ಪ್ರತಿಯನ್ನು ಟೊರೆಂಟ್ ತಾಣಕ್ಕೆ ಏರಿಸಿದರು. ಈ ಪ್ರತಿಯು ಒಂದನ್ನು ಬಿಟ್ಟು ಉಳಿದೆಲ್ಲ ವಿಷಯಗಳಲ್ಲಿ ಮೂಲದಂತೆಯೇ ಇತ್ತು. ಕೆಲವು ಗಂಟೆಗಳ ಕಾಲ ಆಡಿದ ನಂತರ, ಜನರು ಗೇಮನ್ನು ಕೊಳ್ಳುವ ಬದಲು ಕದ್ದು ಇಳಿಸಿಕೊಳ್ಳುತ್ತಿದ್ದಾರೆ ಎಂಬ ಸಂದೇಶ ಕಾಣಿಸಿಕೊಳ್ಳುತ್ತಿತ್ತು. ಅಲ್ಲಿಂದ ಮುಂದೆ ಎಷ್ಟೇ ಉತ್ತಮ ಗೇಮ್ ತಯಾರಿಸಿದರೂ ಆದಾಯ ಕುಗ್ಗುತ್ತಾ ಹೋಗಿ ಸಂಸ್ಥೆ ದಿವಾಳಿಯಾಗುತ್ತಿತ್ತು.

ಎರಡೂ ಪ್ರತಿಗಳು ಬಳಕೆದಾರರ ಗುರುತಿಲ್ಲದ ಬಳಕೆಯ ಮಾಹಿತಿಯನ್ನು ಕಳುಹಿಸುತ್ತಿದ್ದವು. ಸಂಸ್ಥೆ ಪ್ರಕಟಿಸಿದ ಲೆಕ್ಕದಂತೆ ಮೊದಲ ದಿನ 214 ಮಂದಿ ಖರೀದಿಸಿದ ಪ್ರತಿಯನ್ನೂ, ಕನಿಷ್ಠ 3,104 ಮಂದಿ ನಕಲು ಪ್ರತಿಯನ್ನೂ ಆಡಿದ್ದರು. ಅಂದರೆ ಒಟ್ಟು ಆಟಗಾರರಲ್ಲಿ ಸುಮಾರು ಶೇಕಡ 93.6ರಷ್ಟು ಮಂದಿ ಹಣ ಕೊಟ್ಟಿರಲಿಲ್ಲ. ನಕಲು ಪ್ರತಿಯನ್ನು ಆಡುತ್ತಿದ್ದ ಕೆಲವರು ತಮ್ಮ ಸಂಸ್ಥೆ ನಕಲಿನಿಂದ ಹಾಳಾಗುತ್ತಿದೆಯೆಂದು ಅಂತರಜಾಲದಲ್ಲಿ ದೂರಿ, ಇದನ್ನು ತಡೆಯುವ ತಂತ್ರವನ್ನು ಆಟದೊಳಗೆ ಸಂಶೋಧಿಸುವ ದಾರಿಯಿದೆಯೇ ಎಂದು ಕೇಳಿದರು.

ಈ ಅಂಕಿಗಳ ಅರ್ಥದ ಬಗ್ಗೆ ಚರ್ಚೆಯಾಯಿತು. ಸಣ್ಣ ತಯಾರಕರ ಜೀವನೋಪಾಯಕ್ಕೆ ಒದಗುವ ಅಪಾಯವನ್ನು ಪ್ರಯೋಗವು ಸ್ಪಷ್ಟಪಡಿಸಿತೆಂದು ಕೆಲವರು ಮೆಚ್ಚಿದರು. ಉಚಿತವಾಗಿ ಪಡೆದ ಪ್ರತಿಯೊಬ್ಬನೂ ಬೆಲೆ ಕೊಟ್ಟು ಕೊಳ್ಳುತ್ತಿದ್ದನೆಂದು ಹೇಳಲಾಗದು, ತಯಾರಕರೇ ಹಂಚಿದ ಪ್ರತಿಯಿಂದ ನಷ್ಟವನ್ನು ಅಳೆಯಲಾಗದು ಎಂಬುದು ಇನ್ನು ಕೆಲವರ ವಾದವಾಗಿತ್ತು. ಏನೇ ಆದರೂ, ಅಲ್ಲಿಯವರೆಗೆ ಅಷ್ಟಾಗಿ ಪರಿಚಿತವಲ್ಲದ ಆಟಕ್ಕೆ ಇದರಿಂದ ವ್ಯಾಪಕ ಪ್ರಚಾರ ದೊರೆಯಿತು.

ನಂತರದ ಆವೃತ್ತಿಗಳು

ಸ್ಟೀಮ್ ಮಳಿಗೆಯ ಗ್ರೀನ್‌ಲೈಟ್ ಆಯ್ಕೆಯಲ್ಲಿ ತೇರ್ಗಡೆಯಾದ ಆಟವು 2013ರ ಆಗಸ್ಟ್ 29ರಂದು ಅಲ್ಲಿ ಬಿಡುಗಡೆಯಾಯಿತು. ಆಟಗಾರರೇ ಹೊಸ ವಿಷಯಗಳನ್ನು ಸೇರಿಸಲು ಅನುಕೂಲವಾಗುವಂತೆ ಮಾಡ್‌ಗಳಿಗೂ ಅವಕಾಶ ಕಲ್ಪಿಸಲಾಯಿತು. 2017ರ ನವೆಂಬರ್‌ನಲ್ಲಿ ಐಒಎಸ್, 2018ರಲ್ಲಿ ಆಂಡ್ರಾಯ್ಡ್ ಮತ್ತು 2020ರಲ್ಲಿ ನಿಂಟೆಂಡೊ ಸ್ವಿಚ್ ಆವೃತ್ತಿಗಳು ಬಂದವು. ಮೊಬೈಲ್ ಆವೃತ್ತಿಯಲ್ಲಿ ನಕಲಿನ ಹಾವಳಿಯನ್ನು ಎದುರಿಸುತ್ತಲೇ ಸಂಸ್ಥೆಯನ್ನು ಉಳಿಸಿಕೊಳ್ಳಬೇಕಾದ 'ಪೈರೇಟ್ ಮೋಡ್' ಎಂಬ ಕಠಿಣ ವಿಧಾನವನ್ನು ಸೇರಿಸಲಾಗಿದೆ. 2013ರಲ್ಲಿ ನಕಲು ಪ್ರತಿಯವರಿಗೆ ಮಾತ್ರ ಎದುರಾಗಿದ್ದ ಸಂಕಷ್ಟವು ಹೀಗೆ ಹಣ ಕೊಟ್ಟು ಕೊಂಡವರು ಬಯಸಿದರೆ ಆಡಬಹುದಾದ ಸವಾಲಾಯಿತು.