ಹನಿ ನಿಲ್ಲುವ ಹೊತ್ತು

ಬೆಂಗಳೂರಿನ ಮೈಕೋ ಲೇಔಟ್ ಯಾರಿಗೆ ಗೊತ್ತಿಲ್ಲ ಹೇಳಿ? ಆದರೆ ಈ 'ಮೈಕೋ' ಅಂದರೇನು ಅಂತ ಈಗಿನ ಹುಡುಗರನ್ನ ಕೇಳಿ ನೋಡಿ, ತಲೆ ಕೆರೆದುಕೊಳ್ತಾರೆ. ಅದು ಮೋಟಾರ್ ಇಂಡಸ್ಟ್ರೀಸ್ ಕಂಪನಿ. 1951ರಲ್ಲಿ ಹುಟ್ಟಿ, ಆಡುಗೋಡಿಯಲ್ಲಿ ಬೆಳೆದು, 2008ರಲ್ಲಿ ಬಾಷ್ ಲಿಮಿಟೆಡ್ ಅಂತ ಹೆಸರು ಬದಲಿಸಿಕೊಂಡಿತು. ಹಳೇ ಲಾರಿ, ಟ್ರ್ಯಾಕ್ಟರ್ ಮೆಕ್ಯಾನಿಕ್‌ಗಳ ಬಾಯಲ್ಲಿ ಮಾತ್ರ ಇವತ್ತಿಗೂ ಅದು 'ಮೈಕೋ ಪಂಪು'. ನನಗೆ ಈ ಪಂಪಿನ ಹುಚ್ಚು ಹಿಡಿದು ಬಹಳ ದಿನ ಆಯ್ತು :) ಅದರ ಕಥೆ ಸ್ವಲ್ಪ ಹೇಳ್ತೀನಿ.

ರುಡಾಲ್ಫ್ ಡೀಸೆಲ್‌ನ ಎಂಜಿನ್ 1897ರಲ್ಲಿ ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಪರೀಕ್ಷೆ ಪಾಸಾಯಿತು. ಆದರೆ ಅದರೊಳಗೆ ಎಣ್ಣೆ ಊದಲು ಒತ್ತಿದ ಗಾಳಿ ಬೇಕಿತ್ತು, ಗಾಳಿ ಒತ್ತಲು ಬೇರೆಯೇ ಕಂಪ್ರೆಸರ್ ಬೇಕಿತ್ತು. ಕಾರ್ಖಾನೆಗೆ, ಹಡಗಿಗೆ ಸರಿ. ಲಾರಿಗೆ ಅಷ್ಟು ಭಾರ ಹೊರಿಸೋದು ಹೇಗೆ? ಡೀಸೆಲ್ 1913ರಲ್ಲಿ ತೀರಿಕೊಂಡಾಗಲೂ ಅವನ ಎಂಜಿನ್ ರಸ್ತೆಗೆ ಇಳಿದಿರಲಿಲ್ಲ.

ರಾಬರ್ಟ್ ಬಾಷ್ 1922ರಲ್ಲಿ ಈ ಕೆಲಸಕ್ಕೆ ಕೈಹಾಕಿದರು. 1927ರಲ್ಲಿ ಪಂಪುಗಳು ಸಾಲಾಗಿ ತಯಾರಾಗತೊಡಗಿದವು. 1936ರಲ್ಲಿ ಮರ್ಸಿಡಿಸ್ 260 ಡಿ ಕಾರು ಬಂದದ್ದೂ ಇಂಥದೇ ಪಂಪಿನ ಬಲದಿಂದ.

ಒಳಗಿರೋದು ಬಹಳ ಸರಳ. ಸಿಲಿಂಡರಿಗೊಂದು ಪ್ಲಂಜರ್, ಅದಕ್ಕೊಂದು ಬ್ಯಾರೆಲ್. ಕೆಳಗಿನ ಕ್ಯಾಮ್ ಪ್ಲಂಜರನ್ನ ಮೇಲಕ್ಕೆ ತಳ್ಳುತ್ತೆ. ಅದರ ತಲೆ ಬ್ಯಾರೆಲಿನ ತೂತು ಮುಚ್ಚಿದ ಕ್ಷಣ ಒತ್ತಡ ಶುರು. ಪ್ಲಂಜರಿನ ಮೈಮೇಲೆ ಓರೆಯಾಗಿ ಕೊರೆದ ಗಾಡಿ ಆ ತೂತಿಗೆ ಬಂದಾಗ ಒತ್ತಡ ಖಲಾಸ್. ಆಕ್ಸಿಲರೇಟರ್ ಒತ್ತಿದರೆ ರ್‍ಯಾಕ್ ಸರಿದು ಪ್ಲಂಜರ್ ಸ್ವಲ್ಪ ತಿರುಗುತ್ತೆ, ಎಣ್ಣೆ ಹೆಚ್ಚು ಹೋಗುತ್ತೆ. ಅಷ್ಟೇ!

ಆದರೆ ಎರಡರ ನಡುವಿನ ಸಂದು ಬರೀ 2-3 ಮೈಕ್ರಾನ್. ವಾಷರ್ ಇಲ್ಲ, ರಿಂಗ್ ಇಲ್ಲ. ಹಾಗಾಗಿ ಒಂದು ಬ್ಯಾರೆಲಿನ ಪ್ಲಂಜರ್ ಇನ್ನೊಂದಕ್ಕೆ ಆಗಿಬರೋದಿಲ್ಲ. ಬಿಚ್ಚುವಾಗ ಜೋಡಿ ಕಲೆಸಿದರೆ ಮುಗೀತು. ಪ್ಲಂಜರಿಗೆ ಜಾರು ಕೊಡೋದೂ ಡೀಸೆಲ್ಲೇ. ಅದಕ್ಕೇ ಸೀಮೆಎಣ್ಣೆ ಕಲಬೆರಕೆ, ನೀರು, ಧೂಳು ಇವು ಮೂರೂ ಪಂಪಿನ ಶತ್ರುಗಳು.

ರಿಪೇರಿ ಆದ ಪಂಪನ್ನ ಟೆಸ್ಟ್ ಬೆಂಚಿನ ಮೇಲೆ ಓಡಿಸಿ, ಪ್ರತಿ ಲೈನಿನ ಡೀಸೆಲ್ಲನ್ನ ಗಾಜಿನ ಕೊಳವೆಗಳಲ್ಲಿ ಹಿಡಿದು ಸಮ ಮಾಡ್ತಾರೆ. ನಾಲ್ಕು ಸಿಲಿಂಡರ್ ಆದರೆ ಒಂದರಿಂದ ಇನ್ನೊಂದಕ್ಕೆ 90 ಡಿಗ್ರಿ, ಆರಾದರೆ 60 ಡಿಗ್ರಿ ಅಂತರ ಬರಬೇಕು.

ಇನ್ನು ಟೈಮಿಂಗ್. ನಾನು ಕಂಡದ್ದರಲ್ಲಿ ಬಹಳ ಇಷ್ಟವಾದದ್ದು ಇದು. ಒಂದನೇ ಲೈನಿನ ಡೆಲಿವರಿ ವಾಲ್ವ್ ತೆಗೆದು, ಅಲ್ಲಿ ಕೊಕ್ಕರೆ ಕತ್ತಿನಂಥ ಬಾಗಿದ ಪೈಪು ಕೂರಿಸ್ತಾರೆ. ಡೀಸೆಲ್ ಧಾರೆಯಾಗಿ ಬೀಳುತ್ತೆ. ಎಂಜಿನನ್ನ ಕೈಯಲ್ಲಿ ನಿಧಾನ ತಿರುಗಿಸ್ತಾ ಹೋದ ಹಾಗೆ ಧಾರೆ ಹನಿಯಾಗುತ್ತೆ, ಹನಿ ತಡವಾಗುತ್ತೆ, ನಿಲ್ಲುತ್ತೆ. ತೂತು ಮುಚ್ಚಿದ್ದು ಆವಾಗಲೇ! ಆಗ ಫ್ಲೈವೀಲಿನ ಗುರುತು ಸರಿಯಾಗಿ ಕೂತಿರಬೇಕು. ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗೋದರಿಂದ ಪಂಪಿನಲ್ಲಿ 1 ಡಿಗ್ರಿ ತಪ್ಪಿದರೆ ಎಂಜಿನ್ನಿನಲ್ಲಿ 2 ಡಿಗ್ರಿ ತಪ್ಪುತ್ತೆ. ಬೇಗ ಆದರೆ ಎಂಜಿನ್ ಕಟಕಟ ಬಡಿಯುತ್ತೆ, ತಡವಾದರೆ ಹೊಗೆ, ಎಳೆತ ಇಲ್ಲ.

1997ರಲ್ಲಿ ಕಾಮನ್ ರೈಲ್ ಕಾರು ಬಂತು, ಎಣ್ಣೆ ಬಿಡುವ ಹೊತ್ತನ್ನ ಕಂಪ್ಯೂಟರ್ ನಿರ್ಧರಿಸತೊಡಗಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಜಾರಿಯಾದ ಮೇಲೆ ಹೊಸ ಲಾರಿಗಳಲ್ಲಿ ಹಳೇ ಪಂಪಿಗೆ ಜಾಗವೇ ಇಲ್ಲ. ಹೊಗೆ ಕಡಿಮೆಯಾಯ್ತು, ಒಳ್ಳೇದೇ. ನನ್ನ ತಕರಾರು ಅದಲ್ಲ. ಹೊಲಗಳಲ್ಲಿ ಹಳೇ ಟ್ರ್ಯಾಕ್ಟರ್‌ಗಳು ಇನ್ನೂ ಓಡ್ತಿವೆ, ಹನಿ ನೋಡಿ ಟೈಮಿಂಗ್ ಕೂರಿಸುವ ಕೈಗಳಿಗೆ ಮಾತ್ರ ವಯಸ್ಸಾಗ್ತಿದೆ. ಪಂಪಿನ ಕಾರ್ಖಾನೆ ನಮ್ಮ ಬೆಂಗಳೂರಲ್ಲೇ ಇತ್ತು, ಆದರೂ ಈ ವಿದ್ಯೆ ಕನ್ನಡದಲ್ಲಿ ಎಷ್ಟು ದಾಖಲಾಗಿದೆ? ಗುರುವಿನ ಕೈಯಿಂದ ಶಿಷ್ಯನ ಕೈಗೆ ದಾಟಿದ್ದೇ ಹೆಚ್ಚು. ಈಗ ಶಿಷ್ಯರೇ ಬರ್ತಿಲ್ಲ.

ನಿಮ್ಮೂರಲ್ಲೂ ಒಬ್ಬ ಪಂಪ್ ಮೇಸ್ತ್ರಿ ಇರಬಹುದು. ಒಂದು ಮಧ್ಯಾಹ್ನ ಹೋಗಿ ಮಾತಾಡಿಸಿ, ಅವರು ಬಳಸುವ ಮಾತಿನಲ್ಲೇ ಬರೆದು ನಿಮ್ಮ ಬ್ಲಾಗಿಗೆ ಹಾಕಿ. ಓದೋಕೆ ನಾನಂತೂ ಇದ್ದೀನಿ. ಏನಂತೀರಿ?