ಆಸ್ಪತ್ರೆಯ ಸಿಬ್ಬಂದಿ ಮತ್ತು ಉಸಿರಾಟದ ವೈರಸ್ ಸೋಂಕು

ಹೊರನಾಡಿನಲ್ಲಿ ನೆಲೆಸಿರುವ ನಮ್ಮ ಕುಟುಂಬಗಳಲ್ಲಿ ವೈದ್ಯರು, ದಾದಿಯರು, ಪ್ರಯೋಗಾಲಯದ ತಂತ್ರಜ್ಞರು ವಿರಳವೇನಲ್ಲ. ಅವರ ವೃತ್ತಿಯೊಂದಿಗೆ ಬರುವ ಅಪಾಯವೊಂದನ್ನು ಮನೆಯವರೂ ಅರಿತಿರುವುದು ಅಗತ್ಯವೆಂದು ಭಾವಿಸಿ ಈ ಮಾಹಿತಿಯನ್ನು ಸಂಗ್ರಹಿಸಿ ನೀಡುತ್ತಿದ್ದೇವೆ.

ಸಾರ್ಸ್ ಕಲಿಸಿದ ಪಾಠ

2002ರ ನವೆಂಬರಿನಲ್ಲಿ ದಕ್ಷಿಣ ಚೀನಾದಲ್ಲಿ ಕಾಣಿಸಿಕೊಂಡ ಸಾರ್ಸ್ ರೋಗವು ಬಹುಮಟ್ಟಿಗೆ ಆಸ್ಪತ್ರೆಗಳೊಳಗೇ ಹಬ್ಬಿತು. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ ಸೋಂಕಿತರಾದ 8,096 ಮಂದಿಯಲ್ಲಿ 1,706 ಮಂದಿ ಆರೋಗ್ಯ ಸಿಬ್ಬಂದಿಯೇ ಆಗಿದ್ದರು. ಅಂದರೆ ಐವರಲ್ಲಿ ಒಬ್ಬರು. ವಿಯೆಟ್ನಾಮಿನಲ್ಲಿ ಈ ರೋಗದ ಅಪಾಯವನ್ನು ಮೊದಲು ಗುರುತಿಸಿ ಜಗತ್ತನ್ನು ಎಚ್ಚರಿಸಿದ ಇಟಲಿಯ ವೈದ್ಯ ಕಾರ್ಲೋ ಉರ್ಬಾನಿ ಅವರು ಅದೇ ಸೋಂಕಿಗೆ ತುತ್ತಾಗಿ 2003ರ ಮಾರ್ಚ್ 29ರಂದು ನಿಧನರಾದರು. ಮುಂದೆ ಕೋವಿಡ್ ಕಾಲದಲ್ಲಿ, 2020ರ ಜನವರಿಯಿಂದ 2021ರ ಮೇ ತಿಂಗಳವರೆಗೆ ಜಗತ್ತಿನಾದ್ಯಂತ ಸುಮಾರು 1,15,500 ಆರೋಗ್ಯ ಕಾರ್ಯಕರ್ತರು ಮೃತಪಟ್ಟಿರಬಹುದೆಂದು ಇದೇ ಸಂಸ್ಥೆ ಅಂದಾಜಿಸಿದೆ.

ಅಪಾಯ ಎಲ್ಲಿದೆ?

ಕೆಮ್ಮಿದಾಗ ಮಾತ್ರವಲ್ಲ, ಮಾತನಾಡಿದಾಗ, ಉಸಿರಾಡಿದಾಗಲೂ ರೋಗಿಯಿಂದ ಸೂಕ್ಷ್ಮ ಕಣಗಳು ಹೊರಬಂದು, ಗಾಳಿಯಾಡದ ಕೋಣೆಯಲ್ಲಿ ಬಹುಕಾಲ ತೇಲಬಲ್ಲವು. ಶ್ವಾಸನಾಳಕ್ಕೆ ಕೊಳವೆ ಸೇರಿಸುವವರು ರೋಗಿಯ ಮುಖದ ಸಮೀಪದಲ್ಲೇ ನಿಲ್ಲಬೇಕಾಗುತ್ತದೆ. ಆದರೆ ಅಲ್ಲಿ ಎಲ್ಲರೂ ಎಚ್ಚರದಿಂದಿರುತ್ತಾರೆ. ಎಚ್ಚರ ತಪ್ಪುವುದು ಬೇರೆಡೆ: ರೋಗ ಇನ್ನೂ ಪತ್ತೆಯಾಗದ ರೋಗಿಯ ಬಳಿ, ದಣಿದ ಕೈಗಳಿಂದ ರಕ್ಷಾ ಉಡುಪು ಕಳಚುವಾಗ, ಸಹೋದ್ಯೋಗಿಗಳೊಡನೆ ಮಾಸ್ಕ್ ತೆಗೆದು ಊಟಕ್ಕೆ ಕುಳಿತಾಗ. ರೋಗಿಗಳ ನೋಂದಣಿ ಮಾಡುವ ಗುಮಾಸ್ತರೂ ವಾರ್ಡ್ ಗುಡಿಸುವವರೂ ಈ ಅಪಾಯದಿಂದ ಹೊರತಲ್ಲ.

ರಕ್ಷಣೆಯ ಕ್ರಮ

ಮಾಸ್ಕ್ ರಕ್ಷಣೆಯ ಕೊನೆಯ ಮೆಟ್ಟಿಲು, ಮೊದಲನೆಯದಲ್ಲ. ಕೆಮ್ಮು ಜ್ವರವಿರುವವರನ್ನು ಬಾಗಿಲಲ್ಲೇ ಗುರುತಿಸಿ ಪ್ರತ್ಯೇಕಿಸುವುದು, ಕೋಣೆಗಳಿಗೆ ಧಾರಾಳ ಗಾಳಿ ಒದಗಿಸುವುದು, ಲಸಿಕೆ ನೀಡುವುದು, ಅಸ್ವಸ್ಥರಾದ ಸಿಬ್ಬಂದಿಗೆ ಸಂಬಳಸಹಿತ ರಜೆ ಕೊಡುವುದು ಆಡಳಿತದ ಹೊಣೆ. ಸಾಮಾನ್ಯ ಶಸ್ತ್ರಚಿಕಿತ್ಸಾ ಮಾಸ್ಕ್ ಹನಿಗಳನ್ನು ತಡೆದರೂ ಅದರ ಅಂಚುಗಳಿಂದ ಗಾಳಿ ನುಸುಳುತ್ತದೆ. ಎನ್-95 ಮಾಸ್ಕ್‌ನ ಪದರವು ಸೂಕ್ಷ್ಮ ಕಣಗಳಲ್ಲಿ ಕನಿಷ್ಠ ಶೇಕಡಾ 95ರಷ್ಟನ್ನು ಸೋಸುತ್ತದೆ. ಆದರೆ ಮುಖಕ್ಕೆ ಬಿಗಿಯಾಗಿ ಹೊಂದಿಕೊಂಡಾಗ ಮಾತ್ರ ಅದರ ಪೂರ್ಣ ಪ್ರಯೋಜನ ದೊರೆಯುತ್ತದೆ. ದಟ್ಟವಾದ ಗಡ್ಡವಿದ್ದರೆ ಅದು ಸರಿಯಾಗಿ ಕೂರದು.

ಸಮಾಜದ ಹೊಣೆ

2020ರಲ್ಲಿ ದೇಶದ ಕೆಲವು ನಗರಗಳಲ್ಲಿ ವೈದ್ಯರಿಗೂ ದಾದಿಯರಿಗೂ ಮನೆ ಖಾಲಿ ಮಾಡುವಂತೆ ಮಾಲೀಕರು ಒತ್ತಾಯಿಸಿದ್ದನ್ನು ನಾವು ಮರೆಯುವಂತಿಲ್ಲ. ಅದೇ ವರ್ಷ ತಿದ್ದುಪಡಿಯಾದ ಸಾಂಕ್ರಾಮಿಕ ರೋಗಗಳ ಕಾಯಿದೆಯು, ಸಾಂಕ್ರಾಮಿಕದ ಸಮಯದಲ್ಲಿ ಆರೋಗ್ಯ ಸಿಬ್ಬಂದಿಯ ವಾಸಕ್ಕೆ ಅಡ್ಡಿಯಾಗುವ ಕಿರುಕುಳವನ್ನೂ ಹಿಂಸೆಯೆಂದೇ ಪರಿಗಣಿಸುತ್ತದೆ. ಹಿಂಸಾಕೃತ್ಯಕ್ಕೆ 3 ತಿಂಗಳಿಂದ 5 ವರ್ಷಗಳವರೆಗೆ ಸೆರೆವಾಸವನ್ನು ಅದು ವಿಧಿಸಿದೆ.

ಆ ವರ್ಷದ ಮಾರ್ಚ್ 22ರಂದು ನಾವೆಲ್ಲರೂ ಚಪ್ಪಾಳೆ ತಟ್ಟಿ, ತಟ್ಟೆ ಬಾರಿಸಿ ಇವರಿಗೆ ಕೃತಜ್ಞತೆ ಸಲ್ಲಿಸಿದೆವು. ಅದು ಸರಿಯೇ. ಆದರೆ ಆಸ್ಪತ್ರೆಗೆ ಹೋಗುವಾಗ ನಾವು ಮಾಸ್ಕ್ ಧರಿಸುವುದು, ಜ್ವರವನ್ನು ಮುಚ್ಚಿಡದೆ ಮೊದಲೇ ತಿಳಿಸುವುದು, ಜ್ವರವಿದ್ದಾಗ ರೋಗಿಗಳನ್ನು ನೋಡಲು ಹೋಗದಿರುವುದು, ನೆರೆಮನೆಯ ದಾದಿಯನ್ನು ದೂರವಿಡದಿರುವುದು ಅವರಿಗೆ ಹೆಚ್ಚು ಉಪಕಾರಿ ಎಂಬುದು ನಮ್ಮ ನಂಬಿಕೆ.